ಹೆಬ್ಬಾಳದಲ್ಲಿ ಕೂತು ಹೆಡ್ಡಾಫೀಸಿನ ಜೊತೆ ಏಗುವುದು ಹೇಗೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅನೇಕರ ಪಾಡು ಒಂದೇ. ಕೋಡ್ ಬರೆಯುವುದು ಇಲ್ಲಿ, ಏನು ಬರೆಯಬೇಕೆಂದು ತೀರ್ಮಾನವಾಗುವುದು ಬೆಂಗಳೂರಿನಲ್ಲೋ ಮ್ಯೂನಿಕ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ. ಹೆಡ್ಡಾಫೀಸಿನಲ್ಲಿ ಕೂತವರಿಗೆ ಸಂಶಯ ಬಂದರೆ ಕುರ್ಚಿ ತಿರುಗಿಸಿ ಕೇಳುತ್ತಾರೆ, ಎರಡು ನಿಮಿಷದಲ್ಲಿ ಉತ್ತರ. ಇಲ್ಲಿ ಬೆಳಿಗ್ಗೆ 11ಕ್ಕೆ ಕೇಳಿದ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದವರು ನೋಡುವುದು ನಮ್ಮ ರಾತ್ರಿ ಹತ್ತಕ್ಕೆ. ಮರುದಿನ ಬಂದು ನೋಡಿದರೆ ಉತ್ತರದ ಜಾಗದಲ್ಲಿ 'ಯಾವ ವರ್ಷನ್?' ಅಂತ ಇನ್ನೊಂದು ಪ್ರಶ್ನೆ. ಅಲ್ಲಿಗೆ ಎರಡು ದಿನ ಹೋಯಿತು. ಬ್ರಾಂಚಿನಲ್ಲಿ ಪ್ರತಿ ಪ್ರಶ್ನೆಗೂ ಒಂದು ದಿನ ಖರ್ಚು. ಕೆಳಗಿನ ಹಂತಗಳೆಲ್ಲ ಆ ಖರ್ಚನ್ನು ತಗ್ಗಿಸಲಿಕ್ಕೆ.

ಮೊದಲು ಗಡಿಯಾರ ಸರಿ ಮಾಡಿಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಅವರ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ ರಾತ್ರಿ 10:30. ನ್ಯೂಯಾರ್ಕ್‌ನ 9 ಗಂಟೆ ನಮಗೆ ಸಂಜೆ 6:30 ಅಥವಾ 7:30. ಮ್ಯೂನಿಕ್‌ನದು ಮಧ್ಯಾಹ್ನ 12:30 ಅಥವಾ 1:30, ಅಂದರೆ ಅರ್ಧ ದಿನ ಇಬ್ಬರೂ ಎಚ್ಚರವಾಗಿರುತ್ತೀರಿ. ಜರ್ಮನಿಯ ಕಂಪನಿಯ ಬ್ರಾಂಚಿನಲ್ಲಿ ಸಂಸಾರ ಸುಸೂತ್ರ ಅನ್ನುವುದು ಇದಕ್ಕೇ.

ವರ್ಷಕ್ಕೆರಡು ಸಲ ಈ ಲೆಕ್ಕ ಕೆಡುತ್ತದೆ. ಅಮೆರಿಕ ಗಡಿಯಾರ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ; ಯುರೋಪ್ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಮೂರೂ ಕಡೆಯವರು ಸೇರುವ ಮೀಟಿಂಗಿಗೆ ಒಬ್ಬರಾದರೂ ಒಂದು ಗಂಟೆ ಮುಂಚೆಯೋ ತಡವಾಗಿಯೋ ಬರುತ್ತಾರೆ. ಮೀಟಿಂಗ್ ಕರೆದವರ ಕ್ಯಾಲೆಂಡರ್ ಯಾವ ದೇಶದ ಸಮಯಕ್ಕಿದೆಯೋ ಆ ದೇಶದಲ್ಲಿ ಅದು ಕದಲುವುದಿಲ್ಲ, ಮಿಕ್ಕವರಿಗೆ ಕದಲುತ್ತದೆ. ಗಡಿಯಾರ ತಿರುಗುವ ಮುಂಚಿನ ಶುಕ್ರವಾರವೇ ಗುಂಪಿಗೆ ಒಂದು ಸಾಲು ಹಾಕಿಬಿಡಿ.

'ನಾಳೆ ಬೆಳಿಗ್ಗೆ', 'ಇವತ್ತು ಸಂಜೆಯೊಳಗೆ' ಎಂದು ಎಂದೂ ಬರೆಯಬೇಡಿ. 'ಗುರುವಾರ, ಭಾರತದ ಸಮಯ 20:30' ಎಂದೇ ಬರೆಯಿರಿ. ನಮ್ಮ ಅರ್ಧ ಗಂಟೆಯನ್ನು ಮರೆತು ಎಂಟಕ್ಕೇ ಬಂದು ಕಾಯುವವರು ಇದ್ದೇ ಇರುತ್ತಾರೆ.

ವಾರದ ಆಕಾರವನ್ನೂ ಗಮನಿಸಿ. ನಮ್ಮ ಸೋಮವಾರ ಮಧ್ಯಾಹ್ನ 12:30ರವರೆಗೆ, ಅವರ ಚಳಿಗಾಲದಲ್ಲಿ 1:30ರವರೆಗೆ, ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ. ಆ ದಿನಕ್ಕೆ ಯಾರ ಉತ್ತರವೂ ಬೇಡದ ಕೆಲಸ ಇಟ್ಟುಕೊಳ್ಳಿ. ತಲೆ ಬಗ್ಗಿಸಿ ಕೋಡ್ ಬರೆಯಲಿಕ್ಕೆ ಅಂಥ ದಿನ ಹೆಡ್ಡಾಫೀಸಿನವರಿಗೂ ಸಿಗುವುದಿಲ್ಲ. ಶುಕ್ರವಾರದ್ದು ಉಲ್ಟಾ. ಅವರು ತಮ್ಮ ಶುಕ್ರವಾರ ಮಧ್ಯಾಹ್ನ ಡಿಪ್ಲಾಯ್ ಮಾಡಿ, ಅಂದರೆ ಹೊಸ ಕೋಡನ್ನು ಚಾಲನೆಗೆ ಬಿಟ್ಟು, ಮನೆಗೆ ಹೋಗುತ್ತಾರೆ, ಅದು ಒಡೆದುಕೊಳ್ಳುವುದು ನಮ್ಮ ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ. ಆನ್‌ಕಾಲ್, ಅಂದರೆ ಏನಾದರೂ ಕೆಟ್ಟರೆ ಸರಿಮಾಡಲು ಕಾದಿರುವ ಪಾಳಿಯನ್ನು, ಹಂಚಿಕೊಳ್ಳುವುದಾದರೆ ಇಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 8, ಅಲ್ಲಿ ಉಳಿದ ಹನ್ನೆರಡು ಗಂಟೆ ಎಂದು ಮಾತಾಡಿಕೊಳ್ಳಿ. ಒಂದು ಷರತ್ತು ಮಾತ್ರ ಬಿಡಬೇಡಿ: ಹಳೆಯ ವರ್ಷನ್‌ಗೆ ರೋಲ್‌ಬ್ಯಾಕ್ ಮಾಡುವ ಅಧಿಕಾರ ಮೈಸೂರಿಗೂ ಇರಬೇಕು. ಅದಿಲ್ಲದ ಆನ್‌ಕಾಲ್ ಅಂದರೆ ನಿದ್ದೆಗೆಟ್ಟು ಇನ್ನೊಬ್ಬರನ್ನು ಎಬ್ಬಿಸುವ ಕೆಲಸ, ಅಷ್ಟೆ.

ತಡರಾತ್ರಿ ಕಾಲ್‌ಗಳು ವಾರಕ್ಕೆರಡು ಸಾಕು, ಅವೂ ಗೊತ್ತಾದ ದಿನಗಳಂದೇ. ಮರುದಿನ 11ಕ್ಕೆ ಬರುವುದಾಗಿ ಮ್ಯಾನೇಜರ್ ಹತ್ತಿರ ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಬೆಳಗಿನ ಹೊತ್ತನ್ನು ಮುಚ್ಚಿಡಿ. ಮುಚ್ಚದಿದ್ದರೆ ಬೆಂಗಳೂರಿನಿಂದ ಯಾರಾದರೂ 9:30ಕ್ಕೆ ಮೀಟಿಂಗ್ ಇಟ್ಟೇ ಇಡುತ್ತಾರೆ. ನಾಲ್ಕು ಕಾಲ್‌ಗಳಲ್ಲಿ ಒಂದನ್ನಾದರೂ ನಮ್ಮ ಬೆಳಿಗ್ಗೆ 7:30ಕ್ಕೆ, ಅವರ ಸಂಜೆಗೆ ಹಾಕಿಸಿ. ರಾತ್ರಿ 8ರ ನಂತರ ಕಚೇರಿಯಲ್ಲೇ ಇರಬೇಕಾದ ಹೆಣ್ಣುಮಕ್ಕಳಿಗೆ ಮನೆಯವರೆಗೆ ಕಂಪನಿಯೇ ವಾಹನ ಕೊಡಬೇಕು. ಕೇಳಲು ಸಂಕೋಚ ಬೇಡ, ಇಮೇಲ್‌ನಲ್ಲೇ ಕೇಳಿ.

ಸೇರಿದ ಮೊದಲ ಎರಡು ವಾರ

ಮೊದಲ ದಿನವೇ ಬೇಕಾದ ಅನುಮತಿಗಳ ಪಟ್ಟಿ ಮಾಡಿ: ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಹೋಗುವ ಸುರಕ್ಷಿತ ದಾರಿ), ಕೋಡ್ ರೆಪೊಸಿಟರಿ (ಕೋಡ್ ಇಡುವ ಜಾಗ), ಬಿಲ್ಡ್ ಸರ್ವರ್, ಲಾಗ್‌ಗಳು, ಟೆಸ್ಟ್ ಡೇಟಾಬೇಸ್, ಟಿಕೆಟ್ ವ್ಯವಸ್ಥೆ (ಒಂದೊಂದು ಕೆಲಸವನ್ನೂ ದಾಖಲಿಸುವ ಜಾಗ), ವಿನ್ಯಾಸದ ದಾಖಲೆಗಳು. ಒಂದು ಬಂದ ಮೇಲೆ ಇನ್ನೊಂದನ್ನು ಕೇಳುತ್ತ ಹೋದರೆ ಏಳಕ್ಕೆ ಏಳು ದಿನ, ನಡುವೆ ಅವರ ರಜೆ ಬಂದರೆ ಎರಡು ವಾರ. ಏಳನ್ನೂ ಒಟ್ಟಿಗೆ ಕೇಳಿ. ಅನುಮೋದಿಸುವವರು ಒಬ್ಬರೇ ಇದ್ದು ಅವರೂ ಹೆಡ್ಡಾಫೀಸಿನಲ್ಲಿದ್ದರೆ, ಭಾರತದಲ್ಲೂ ಒಬ್ಬರನ್ನು ನೇಮಿಸಿ ಎಂದು ಆಗಲೇ ಕೇಳಿಬಿಡಿ.

ಲ್ಯಾಪ್‌ಟಾಪ್ ಕೊರಿಯರಿನಲ್ಲಿ ಬರುವುದಾದರೆ ಪಿನ್ 570ರಿಂದ ಶುರುವಾಗಿದೆಯೇ ನೋಡಿ. 560 ಅಂತಿದ್ದರೆ ಅದು ಬೆಂಗಳೂರಿನ ಹೆಬ್ಬಾಳಕ್ಕೆ ಹೋಗಿ ಕೂರುತ್ತದೆ.

ಇನ್ನು ತೀರ್ಮಾನ ಯಾರದು ಅನ್ನುವ ವಿಚಾರ. ಕಂಪನಿಯ ಹುದ್ದೆಗಳ ಪಟದಲ್ಲಿ ಮೇಲಿರುವ ಹೆಸರು ಮತ್ತು ನಿಜವಾಗಿ ಹೂಂ ಅನ್ನುವವರ ಹೆಸರು ಬೇರೆಬೇರೆ ಇರುತ್ತದೆ. ನಿಮ್ಮ ಮಾಡ್ಯೂಲ್‌ನಲ್ಲಿ, ಅಂದರೆ ಸಾಫ್ಟ್‌ವೇರಿನ ನಿಮ್ಮ ಭಾಗದಲ್ಲಿ, ಕೊನೆಯದಾಗಿ ಮರ್ಜ್ ಆದ (ಮುಖ್ಯ ಕೋಡಿಗೆ ಸೇರಿದ) 20 ಬದಲಾವಣೆಗಳನ್ನು ತೆರೆದು, ಯಾರ ಮಾತು ಬಿದ್ದ ಮೇಲೆ ಕೋಡ್ ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ಎರಡು ಮೂರು ಹೆಸರು ಮತ್ತೆಮತ್ತೆ ಬರುತ್ತವೆ. ನಿಮಗೆ ಬೇಕಾದವರು ಅವರೇ. ಅವರ ಜೊತೆ ಅರ್ಧರ್ಧ ಗಂಟೆಯ ಪರಿಚಯದ ಕಾಲ್ ಹಾಕಿಕೊಳ್ಳಿ, ಏನೂ ಕೆಲಸ ಕೇಳದೆ.

ಲೈನ್ ನಿಧಾನ ಏಕೆ

'ಕಚೇರಿಯಲ್ಲಿ ನೂರು ಎಂಬಿಪಿಎಸ್ ಇದೆ, ಆದರೂ ಫೈಲ್ ಬರುವುದಿಲ್ಲ' ಅನ್ನುವ ದೂರು ಎಲ್ಲ ಬ್ರಾಂಚಿನಲ್ಲೂ ಇದೆ. ಕಾರಣ ದೂರ. ಇಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಗೆರೆ ಎಳೆದರೂ ಸುಮಾರು 14,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲಿಕ್ಕೆ ಕಡಮೆಯೆಂದರೂ 140 ಮಿಲಿಸೆಕೆಂಡು. ಕೇಬಲ್ ನೇರ ಹೋಗುವುದಿಲ್ಲವಾದ್ದರಿಂದ 220ರಿಂದ 250 ಅಂದರೆ ಮಾಮೂಲು. ಎಷ್ಟು ದುಡ್ಡು ಕೊಟ್ಟರೂ ಇದು ಇಳಿಯುವುದಿಲ್ಲ.

ಇದರ ಪರಿಣಾಮ ಎರಡು. ಹೆಡ್ಡಾಫೀಸಿನ ಶೇರ್ಡ್ ಫೋಲ್ಡರಿನಲ್ಲಿ ಸಾವಿರ ಫೈಲುಗಳಿದ್ದು, ಪ್ರತಿಯೊಂದಕ್ಕೂ ಒಂದು ಸಲ ಹೋಗಿಬಂದರೆ 250 ಸೆಕೆಂಡು, ನಾಲ್ಕು ನಿಮಿಷದ ಮೇಲೆ. ಅಲ್ಲಿ ಅದೇ ಫೋಲ್ಡರ್ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ತೆರೆಯುತ್ತದೆ, ಹಾಗಾಗಿ ನಿಮ್ಮ ದೂರು ಅವರಿಗೆ ಅರ್ಥವೇ ಆಗುವುದಿಲ್ಲ. ಎರಡನೆಯದು, ಹಳೆಯ ವಿಪಿಎನ್ ಪೆಟ್ಟಿಗೆಗಳು ಒಂದು ಸಲಕ್ಕೆ 64 ಕಿಲೋಬೈಟ್ ಕಳಿಸಿ ರಸೀದಿಗೆ ಕಾಯುತ್ತವೆ. ಸೆಕೆಂಡಿಗೆ ನಾಲ್ಕು ಸುತ್ತು, 256 ಕಿಲೋಬೈಟ್, ಬೈಟಿಗೆ ಎಂಟು ಬಿಟ್‌ನಂತೆ 2 ಎಂಬಿಪಿಎಸ್ ಚಿಲ್ಲರೆ. ನಿಮ್ಮ ನೂರು ಎಂಬಿಪಿಎಸ್ ಸುಮ್ಮನೆ ಕೂತಿರುತ್ತದೆ.

ಐಟಿ ವಿಭಾಗಕ್ಕೆ 'ನೆಟ್ ಸ್ಲೋ' ಎಂದು ಬರೆದರೆ 'ರೀಸ್ಟಾರ್ಟ್ ಮಾಡಿ' ಎಂದು ಉತ್ತರ ಬರುತ್ತದೆ. ಬೆಳಿಗ್ಗೆ 10, ಮಧ್ಯಾಹ್ನ 3, ರಾತ್ರಿ 9ಕ್ಕೆ ನೂರು ನೂರು ಪಿಂಗ್ (ಹೋಗಿಬರುವ ಸಮಯ ಅಳೆಯುವ ಪುಟ್ಟ ಸಂದೇಶ) ಕಳಿಸಿ ಸರಾಸರಿ ತೆಗೆಯಿರಿ, ವಿಪಿಎನ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಮುಂಬೈನಲ್ಲಿರುವ ಸರ್ವರ್ ಒಂದು ವಿಪಿಎನ್ ಇಲ್ಲದೆ 30 ಮಿಲಿಸೆಕೆಂಡಿನಲ್ಲಿ ಸಿಕ್ಕಿ, ವಿಪಿಎನ್ ಹಾಕಿದಾಗ 500 ತೋರಿಸಿದರೆ ವಿಷಯ ಸ್ಪಷ್ಟ: ಮುಂಬೈಗೆ ಹೋಗಬೇಕಾದ ಪ್ಯಾಕೆಟ್ಟು ಅಮೆರಿಕ ಸುತ್ತಿ ಬರುತ್ತಿದೆ. ಆ ಅಂಕಿಗಳೊಂದಿಗೆ ಸ್ಪ್ಲಿಟ್ ಟನೆಲ್ ಕೇಳಿ, ಅಂದರೆ ಹೆಡ್ಡಾಫೀಸಿಗೆ ಹೋಗಬೇಕಾದದ್ದು ಮಾತ್ರ ವಿಪಿಎನ್‌ನಲ್ಲಿ ಹೋಗುವ ವ್ಯವಸ್ಥೆ. ಜೊತೆಗೆ ಬಿಲ್ಡ್‌ಗೆ ಬೇಕಾದ ಪ್ಯಾಕೇಜುಗಳ ನಕಲು ಇಟ್ಟುಕೊಳ್ಳುವ ಒಂದು ಕ್ಯಾಶ್ ಸರ್ವರನ್ನು ಮುಂಬೈ ಅಥವಾ ಹೈದರಾಬಾದಿನ ಕ್ಲೌಡ್‌ನಲ್ಲಿ ಇಡಿಸಿ. ಕೋಡಿನ ಬದಲಾವಣೆಗಳನ್ನು ಇಡುವ ಗಿಟ್‌ನಲ್ಲಿ ಇಡೀ ಇತಿಹಾಸ ಇಳಿಸದೆ ಶ್ಯಾಲೋ ಕ್ಲೋನ್ ಮಾಡಿ; ಬೆಳಗಿನ ಆರಕ್ಕೆ ಹೊಸ ಬದಲಾವಣೆಗಳು ತಾನಾಗಿ ಫೆಚ್ ಆಗುವಂತೆ ಹಾಕಿದರೆ ನೀವು ಬರುವಷ್ಟರಲ್ಲಿ ಎಲ್ಲ ಬಂದಿರುತ್ತದೆ.

ಮನೆಯಿಂದ ರಾತ್ರಿ ಕಾಲ್ ಮಾಡುವವರು ರೌಟರಿಗೆ ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿಕೊಳ್ಳಿ. ಸೆಸ್ಕ್‌ನವರು ನಿರ್ವಹಣೆಗೆಂದು ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಬರುತ್ತದೆ, ಗಾಳಿಮಳೆಗೆ ಹೋಗುವುದು ಬರುವುದಿಲ್ಲ.

ಸಂಜೆಯ ಚೀಟಿ

ಇಡೀ ಲೇಖನದಲ್ಲಿ ಒಂದೇ ಒಂದು ಅಭ್ಯಾಸ ಮಾಡಿಕೊಳ್ಳುವುದಾದರೆ ಇದನ್ನು ಮಾಡಿಕೊಳ್ಳಿ. ಮನೆಗೆ ಹೊರಡುವ ಮುಂಚೆ ಹತ್ತು ನಿಮಿಷ ಕೂತು ಐದು ಸಾಲು ಬರೆದು ಟಿಕೆಟ್ಟಿಗೆ ಅಂಟಿಸಿ. ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಅಚ್ಚು ಹೀಗಿರಲಿ:

ಎಲ್ಲಿಗೆ ಬಂತು: ಪಾವತಿ ವಿಫಲವಾದರೆ ಮೂರು ಸಲ ಮರುಪ್ರಯತ್ನಿಸುವ ಬದಲಾವಣೆ ಮುಗಿದಿದೆ, ಟೆಸ್ಟುಗಳು ಪಾಸಾಗಿವೆ.
ಎಲ್ಲಿ ನಿಂತಿದೆ: ಮೂರೂ ಸಲ ವಿಫಲವಾದರೆ ಗ್ರಾಹಕರಿಗೆ ಇಮೇಲ್ ಹೋಗಬೇಕೇ ಎಂಬುದು ವಿನ್ಯಾಸದಲ್ಲಿ ಇಲ್ಲ.
ನನ್ನ ಅಂದಾಜು: ಹೋಗಬೇಕು. ಕಾರ್ಡ್ ಅವಧಿ ಮುಗಿದಾಗ ನಾವು ಈಗಾಗಲೇ ಕಳಿಸುತ್ತೇವೆ.
ನಿಮ್ಮಿಂದ ಬೇಕಾದ್ದು: ಹೌದು ಅಥವಾ ಬೇಡ, ಅಷ್ಟು ಸಾಕು.
ಉತ್ತರ ಬರದಿದ್ದರೆ: ಬುಧವಾರ ಭಾರತದ ಸಮಯ 14:00ಕ್ಕೆ ಇಮೇಲ್ ಹೋಗುವಂತೆ ಬರೆದು, ಸ್ವಿಚ್ ಆಫ್ ಮಾಡಿಟ್ಟು ರಿವ್ಯೂಗೆ ಕಳಿಸುತ್ತೇನೆ.

ಕೊನೆಯ ಸಾಲಿನಲ್ಲೇ ಇರುವುದು ಗುಟ್ಟು. ಅವರು ಸುಮ್ಮನಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ, ಒಪ್ಪಿಗೆಯಿಲ್ಲದವರು ಎದ್ದು ಹೇಳಲೇಬೇಕಾಗುತ್ತದೆ. ಆದರೆ ಹಿಂದಕ್ಕೆ ತಿರುಗಿಸಲಾಗದ ಕೆಲಸಕ್ಕೆ, ಅಂದರೆ ಡೇಟಾ ಅಳಿಸುವುದು, ಬೆಲೆ ಬದಲಿಸುವುದು, ಗ್ರಾಹಕರಿಗೆ ನಿಜವಾಗಿಯೂ ಏನಾದರೂ ಕಳಿಸುವುದು, ಇವಕ್ಕೆ ಈ ಸಾಲನ್ನು ಬಳಸಬೇಡಿ. ಸ್ವಿಚ್ ಆಫ್ ಮಾಡಿಟ್ಟು ಎಂದು ಮೇಲೆ ಬರೆದಿರುವುದು ಅದಕ್ಕೇ.

ನಮ್ಮ ಕಡೆಯ ಒಂದು ಮಾತು ಬಹಳ ಗೊಂದಲ ಎಬ್ಬಿಸುತ್ತದೆ. 'ಆಯ್ತು.' ಕನ್ನಡದಲ್ಲಿ ಇದಕ್ಕೆ ಮೂರು ಅರ್ಥ: ಕೇಳಿಸಿಕೊಂಡೆ, ಒಪ್ಪಿದೆ, ಮುಗಿಯಿತು. ಸಾರ್ ಏನೋ ಹೇಳುತ್ತಿದ್ದಾರೆ, ಎದುರು ಮಾತೇಕೆ ಎಂದು ನಾವು 'ಓಕೆ' ಅನ್ನುತ್ತೇವೆ. ನಮ್ಮ ಮನಸ್ಸಿನಲ್ಲಿ ಇರುವುದು ಮೊದಲನೆಯದು, ಅವರಿಗೆ ಕೇಳಿಸುವುದು ಎರಡನೆಯದು, ಶುಕ್ರವಾರ ಅವರು ಕೇಳುವುದು ಮೂರನೆಯದನ್ನು. ಬರೆಯುವಾಗ ಮೂರನ್ನೂ ಬೇರೆ ಮಾಡಿ: 'ಓದಿದೆ, ನಾಳೆ ಅಂದಾಜು ಹೇಳುತ್ತೇನೆ', 'ಒಪ್ಪಿದೆ, 18ನೇ ತಾರೀಖಿಗೆ ಕೊಡುತ್ತೇನೆ', 'ಮುಗಿಯಿತು, ಇಗೋ ಕೊಂಡಿ'.

ಕೋಡ್ ರಿವ್ಯೂನಲ್ಲೂ ಇದೇ ಲೆಕ್ಕ. ಒಂದು ಸುತ್ತಿಗೆ ಒಂದು ದಿನ. ಸಾವಿರ ಸಾಲಿನ ಬದಲಾವಣೆ ಕಳಿಸಿದರೆ ವಾರಗಟ್ಟಲೆ ಬಿದ್ದಿರುತ್ತದೆ, ಇಲ್ಲವೇ ಓದದೆಯೇ ಸರಿ ಅನ್ನುತ್ತಾರೆ; ಎರಡೂ ಕೆಟ್ಟದ್ದೇ. ಇನ್ನೂರು ಸಾಲಿನೊಳಗೆ ಮುರಿಯಿರಿ. ಹೆಸರು ಬದಲಿಸುವುದು, ಫೈಲ್ ಸರಿಸುವುದು ಒಂದರಲ್ಲಿ, ನಡವಳಿಕೆ ಬದಲಾಗುವುದು ಇನ್ನೊಂದರಲ್ಲಿ. 'ಇಲ್ಲಿ ಲೂಪ್ ಯಾಕೆ?' ಎಂದು ಕೇಳುತ್ತಾರೆಂದು ಗೊತ್ತಿದ್ದರೆ ಆ ಸಾಲಿನ ಮೇಲೆ ನೀವೇ ಮೊದಲು ಉತ್ತರ ಬರೆದಿಡಿ. ಇಬ್ಬರು ರಿವ್ಯೂ ಮಾಡುವವರಲ್ಲಿ ಒಬ್ಬರು ಮೈಸೂರಿನವರೇ ಇರಲಿ.

ಮೀಟಿಂಗಿನಲ್ಲಿ ಕಾಣೆಯಾಗದಿರುವುದು

ಹೆಡ್ಡಾಫೀಸಿನ ಉದ್ದನೆಯ ಮೇಜು, ಒಂದು ತುದಿಯಲ್ಲಿ ಮೈಕು, ಗೋಡೆಯ ಟೀವಿಯಲ್ಲಿ ಮೈಸೂರಿನ ನಾಲ್ಕು ತಲೆಗಳು. ಮೈಕಿನ ಪಕ್ಕ ಕೂತವರು ಚಿಪ್ಸ್ ಪೊಟ್ಟಣ ಬಿಚ್ಚುವುದು ಸ್ಪಷ್ಟವಾಗಿ ಕೇಳುತ್ತದೆ, ಆ ತುದಿಯಲ್ಲಿ ಕೂತು ತೀರ್ಮಾನ ಹೇಳುವವರ ಮಾತು ಕೇಳುವುದಿಲ್ಲ. ಕೊನೆಗೆ 'ಮೈಸೂರಿನಿಂದ ಏನಾದರೂ ಪ್ರಶ್ನೆ?' ಎಂದು ಕೇಳಿ ಮೂರು ಸೆಕೆಂಡು ಕಾಯುತ್ತಾರೆ. ಮ್ಯೂಟ್ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ.

ಇದಕ್ಕೆ ಇರುವ ಮದ್ದು: ಒಬ್ಬರು ದೂರದಲ್ಲಿದ್ದರೂ ಎಲ್ಲರೂ ತಂತಮ್ಮ ಲ್ಯಾಪ್‌ಟಾಪಿನಿಂದ, ಹೆಡ್‌ಸೆಟ್ ಹಾಕಿಕೊಂಡು ಸೇರುವುದು. ಹೆಡ್ಡಾಫೀಸಿನವರು ಮೊದಲು ಗೊಣಗುತ್ತಾರೆ, ಒಂದು ತಿಂಗಳು ಪ್ರಯೋಗ ಅನ್ನಿ. ಒಂದೇ ಕೋಣೆಯಲ್ಲಿ ಇಬ್ಬರು ಸ್ಪೀಕರ್ ಆನ್ ಇಟ್ಟರೆ ಕೂಗು ಏಳುತ್ತದೆ, ಆದ್ದರಿಂದ ಹೆಡ್‌ಸೆಟ್ ಕಡ್ಡಾಯ. ಮಾತಾಡುವವರು ಕೈ ಗುರುತು ಒತ್ತಬೇಕು, ಮೀಟಿಂಗ್ ನಡೆಸುವವರು ಹೆಸರು ಹಿಡಿದು ಕರೆಯಬೇಕು.

ನಿಮ್ಮ ವಿಷಯವನ್ನು ಪಟ್ಟಿಯ ಮೊದಲಿಗೆ ಹಾಕಿಸಿ. ಕೊನೆಯಲ್ಲಿದ್ದದ್ದು ಮುಂದಿನ ವಾರಕ್ಕೆ ಹೋಗುತ್ತದೆ. ಒಂದು ದಿನ ಮುಂಚೆ ಎರಡು ಪುಟದ ಟಿಪ್ಪಣಿ ಕಳಿಸಿ, ಆ ಮೊದಲೇ ಗುರುತು ಹಾಕಿಕೊಂಡ ಹೆಸರುಗಳಲ್ಲಿ ಒಬ್ಬರ ಅಭಿಪ್ರಾಯ ಕೇಳಿಟ್ಟುಕೊಳ್ಳಿ. ಕಾಫಿ ಯಂತ್ರದ ಹತ್ತಿರ ತೀರ್ಮಾನವಾದ ಸಂಗತಿ ನಿಮಗೆ ಮೂರು ವಾರದ ನಂತರ ತಿಳಿದರೆ ಜಗಳ ಬೇಡ. 'ಇದು ಎಲ್ಲಿ ಬರೆದಿದೆ, ಕೊಂಡಿ ಕಳಿಸುತ್ತೀರಾ?' ಎಂದು ಪ್ರತಿ ಸಲವೂ ಕೇಳಿ. ನಾಲ್ಕೈದು ಸಲ ಕೇಳಿದ ಮೇಲೆ ಬರೆಯುವ ಅಭ್ಯಾಸ ತಾನಾಗಿ ಶುರುವಾಗುತ್ತದೆ.

ಪ್ರಶ್ನೆ ಯಾವ ಕಡೆಗೆ ಹರಿಯುತ್ತಿದೆ

ಒಂದು ತಿಂಗಳು ಲೆಕ್ಕ ಇಡಿ: ನೀವು ಹೆಡ್ಡಾಫೀಸಿಗೆ ಕೇಳಿದ ಪ್ರಶ್ನೆ ಎಷ್ಟು, ಅವರು ನಿಮ್ಮನ್ನು ಕೇಳಿದ್ದೆಷ್ಟು. ನಲವತ್ತಕ್ಕೆ ಎರಡು ಅಂತಾದರೆ ನಿಮ್ಮ ತಂಡ ಬರೀ ಕೈ, ತಲೆ ಅಲ್ಲಿದೆ. ಸಂಜೆ ಚೀಟಿ ಎಷ್ಟೇ ಚೆನ್ನಾಗಿ ಬರೆದರೂ ಇದು ಸರಿಹೋಗುವುದಿಲ್ಲ. ಒಂದು ಮಾಡ್ಯೂಲ್ ಪೂರ್ತಿಯಾಗಿ ಮೈಸೂರಿಗೆ ಬರಬೇಕು.

ಯಾವುದನ್ನು ಕೇಳಬೇಕು? ಗಡಿ ಸ್ಪಷ್ಟವಾಗಿರುವ, ದಿನವೂ ಯಾರೋ ಬಳಸುವ, ಆದರೆ ಹೆಡ್ಡಾಫೀಸಿನಲ್ಲಿ ಯಾರಿಗೂ ಅಷ್ಟು ಮೋಹವಿಲ್ಲದ್ದನ್ನು: ಇನ್‌ಸ್ಟಾಲರ್, ಬಿಲ್ ರಫ್ತು, ಟೆಸ್ಟ್ ವ್ಯವಸ್ಥೆ, ವರದಿಗಳು. ಅರ್ಧ ಅಲ್ಲಿ ಅರ್ಧ ಇಲ್ಲಿ ಇರುವ ಮಾಡ್ಯೂಲ್ ಬೇಡ, ಪ್ರತಿ ಬದಲಾವಣೆಗೂ ಮತ್ತೆ ರಾತ್ರಿ ಕಾಲ್. 'ಹಳೆಯ ವರ್ಷನ್ ನಿರ್ವಹಣೆ ನಿಮಗೇ ಪೂರ್ತಿ' ಎಂದು ಕೊಟ್ಟರೆ ಅದು ಎಂದು ಮುಚ್ಚುತ್ತದೆ ಎಂದು ಮೊದಲು ಕೇಳಿ.

ಕೆಲಸದ ಜೊತೆ ಮೂರು ಹಕ್ಕು ಬರಬೇಕು: ಯಾವುದನ್ನು ಮೊದಲು ಮಾಡಬೇಕು ಎಂಬುದು, ಕೋಡ್ ಒಪ್ಪುವುದು, ಬಿಡುಗಡೆಯ ದಿನಾಂಕ. ಮೂರರಲ್ಲಿ ಒಂದು ಅಲ್ಲೇ ಉಳಿದರೂ ಪ್ರಶ್ನೆ ಹಳೆಯ ದಿಕ್ಕಿಗೇ ಹರಿಯುತ್ತದೆ. ಶಾಶ್ವತವಾಗಿ ಕೊಡಿ ಅಂದರೆ ಹಿಂಜರಿಯುತ್ತಾರೆ. ಆರು ತಿಂಗಳ ಪರೀಕ್ಷೆ ಎಂದು ಕೇಳಿ ಒಂದು ಇಮೇಲ್‌ನಲ್ಲಿ ಮೂರನ್ನೂ ಬರೆಸಿಕೊಳ್ಳಿ.

ಅಪ್ರೈಸಲ್ ಹೊತ್ತಿಗೆ ನಿಮ್ಮ ಬಗ್ಗೆ ಮಾತಾಡುವ ಕೋಣೆಯಲ್ಲಿ ನೀವಿರುವುದಿಲ್ಲ, ಎಷ್ಟೋ ಸಲ ನಿಮ್ಮ ಮೈಸೂರಿನ ಮ್ಯಾನೇಜರೂ ಇರುವುದಿಲ್ಲ. ತಮ್ಮ ಕೆಲಸ ತಾವೇ ಹೇಳಿಕೊಳ್ಳುವುದೆಂದರೆ ನಮ್ಮೂರಿನವರಿಗೆ ಮುಜುಗರ. ಹಾಗಾಗಿ ಹೊಗಳಿಕೆಯ ಮಾತು ಬಿಟ್ಟು ಅಂಕಿ ಬರೆಯಿರಿ: ತೊಂದರೆ ಏನಿತ್ತು, ಏನು ಮಾಡಿದಿರಿ, ಮೊದಲೆಷ್ಟು ಈಗೆಷ್ಟು, ಹೆಡ್ಡಾಫೀಸಿನಲ್ಲಿ ಇದನ್ನು ಬಲ್ಲವರು ಯಾರು. ತಿಂಗಳಿಗೊಮ್ಮೆ ಹದಿನೈದು ನಿಮಿಷ ಕೂತು ಒಂದು ಫೈಲಿಗೆ ಸೇರಿಸುತ್ತ ಹೋಗಿ, ಅಪ್ರೈಸಲ್‌ಗೆ ಮೂರು ವಾರ ಇರುವಾಗ ಒಂದು ಪುಟಕ್ಕೆ ಇಳಿಸಿ ಕಳಿಸಿ.

ರಜೆ, ಓಡಾಟ, ಬಂದವರು

ಜನವರಿಯಲ್ಲೇ ನಮ್ಮ ರಜಾಪಟ್ಟಿ ಹೆಡ್ಡಾಫೀಸಿಗೆ ಹೋಗಲಿ. ನವೆಂಬರ್ 1 ಅಮೆರಿಕದವರಿಗೆ ಬರೀ ತಾರೀಖು. ದಸರಾ ಪ್ರತಿ ವರ್ಷ ಬೇರೆ ದಿನ ಬರುತ್ತದೆ, ಆ ವಾರಕ್ಕೆ ಬಿಡುಗಡೆ ಇಡಬೇಡಿ. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆಯೇ ಮುಚ್ಚಿರುತ್ತದೆ. ಅಮೆರಿಕದ ಕಡೆ ನವೆಂಬರ್‌ನ ನಾಲ್ಕನೇ ಗುರುವಾರದ (ಥ್ಯಾಂಕ್ಸ್‌ಗಿವಿಂಗ್ ಹಬ್ಬದ) ವಾರ ಮತ್ತು ಡಿಸೆಂಬರಿನ ಕೊನೆ ಖಾಲಿ. ಅನುಮತಿ ಬೇಕಾದದ್ದನ್ನೆಲ್ಲ ಅದಕ್ಕೆ ಮೊದಲೇ ತೆಗೆದುಕೊಳ್ಳಿ.

ಹೆಡ್ಡಾಫೀಸು ಬೆಂಗಳೂರಿನಲ್ಲಿದ್ದರೆ ತೊಂದರೆ ಬೇರೆ. 'ನಾಳೆ ಬಂದುಬಿಡಿ' ಅನ್ನುತ್ತಾರೆ. 2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಮೈಸೂರು ಪಕ್ಕದ ಬೀದಿಯೇ ಎಂದುಕೊಂಡಿದ್ದಾರೆ. ಕೆಂಗೇರಿವರೆಗೆ ಸುಲಭ, ಅಲ್ಲಿಂದ ವೈಟ್‌ಫೀಲ್ಡ್‌ಗೆ ಕಾರಿನಲ್ಲಿ ಅಷ್ಟೇ ಹೊತ್ತು. ಬೈಕಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಒಂದೇ ಗಾಡಿ. ಮಂಡ್ಯ, ಮದ್ದೂರಿನವರಿಗೂ ಇದೇ ವಾಸಿ, ಸೀಟು ಮಾತ್ರ ಮೈಸೂರಿನವರು ಹಿಡಿದಿರುತ್ತಾರೆ. ವಾರಕ್ಕೆ ಎರಡು ಮೂರು ಸಲ ಹೋಗುವವರು ತಿಂಗಳ ಪಾಸ್ ಮಾಡಿಸಿಕೊಳ್ಳಲಿ. ಹೋದ ದಿನ ಒಂದೇ ಮೀಟಿಂಗಿಗೆ ಹೋಗಿ ಬರಬೇಡಿ. ನಾಲ್ಕು ಜನರನ್ನಾದರೂ ಮುಖತಃ ನೋಡುವಂತೆ ಜೋಡಿಸಿಕೊಳ್ಳಿ, ಊಟ ಅವರ ಜೊತೆಗೇ ಮಾಡಿ.

ದೊಡ್ಡವರು ಅಲ್ಲಿಂದ ಇಲ್ಲಿಗೆ ಬಂದಾಗ ಮೊದಲ ಬೆಳಗಿನಲ್ಲೇ ಮ್ಯಾನೇಜರುಗಳ ಸ್ಲೈಡು ಬೇಡ. ಕೋಡ್ ಬರೆದ ಹುಡುಗ ಹುಡುಗಿಯರೇ ಓಡುತ್ತಿರುವ ಸಾಫ್ಟ್‌ವೇರ್ ತೋರಿಸಲಿ, ತಲಾ ಹದಿನೈದು ನಿಮಿಷ. ಊರು ತೋರಿಸುವುದಾದರೆ ಮಂಗಳವಾರ ಮೃಗಾಲಯಕ್ಕೆ ರಜೆ, ಅರಮನೆಯ ದೀಪ ಭಾನುವಾರ ಸಂಜೆ. ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಆಚೆ ತುದಿಗಿದೆ, ದಾರಿಗೇ ಐದು ಗಂಟೆ ಲೆಕ್ಕ ಹಾಕಿ. ಕಾರಿಗೆ ಸಾಮಾನು ಹಾಕುವ ಮೊದಲು, ಆ ಮೂರು ದಿನದಲ್ಲಿ ಅವರು ಬಾಯಿಮಾತಿನಲ್ಲಿ ಒಪ್ಪಿದ್ದನ್ನೆಲ್ಲ ಒಂದು ಇಮೇಲ್‌ಗೆ ಹಾಕಿ ಅವರ ಎದುರೇ ಕಳಿಸಿ, 'ಸರಿ' ಎಂದು ಉತ್ತರ ಬರೆಸಿಕೊಂಡೇ ಬೀಳ್ಕೊಡಿ.